ಮಾವನ ವ್ಯಾನಿಗೆ ಕರಿದೆಣ್ಣೆ

ಲೀವನ್ ವರ್ಷವಿಡೀ ಕಾದಿದ್ದ ಕಾಗದ ಕೊನೆಗೂ ಅಂಚೆಯಲ್ಲಿ ಬಂತು. ಶುಕ್ರವಾರ ಮಧ್ಯಾಹ್ನ ಎರಡಕ್ಕೆ ವ್ಯಾನಿನ ತಪಾಸಣೆ. ಹೊಗೆ ಮಿತಿ ಮೀರಿದರೆ ಗಾಡಿ ಗುಜರಿಗೆ. ಲೋಕರೆನ್ ಪಟ್ಟಣದಲ್ಲಿ ಬೇರೆಯವರು ಇಂಥ ಕಾಗದ ಕಂಡರೆ ಮುಖ ಹುಳ್ಳಗೆ ಮಾಡಿಕೊಳ್ಳುತ್ತಾರೆ. ಇವನು ಅದನ್ನು ಜೋಪಾನವಾಗಿ ಮಡಚಿ ಎದೆಯ ಜೇಬಿನಲ್ಲಿಟ್ಟುಕೊಂಡ.

ಆ ಡೀಸೆಲ್ ವ್ಯಾನು ಅವನ ಮದುವೆಯಲ್ಲಿ ಮಾವ ಫಿರ್ಮಿನ್ ಕಣ್ಣಲ್ಲಿ ನೀರು ತುಂಬಿಕೊಂಡು ಕೊಟ್ಟ ಉಡುಗೊರೆ. ಅದಕ್ಕೂ ಮೊದಲು ಇಪ್ಪತ್ತು ವರ್ಷ ಆಲೂಗಡ್ಡೆ ಹೊತ್ತಿತ್ತು. ಶಾಲೆಯ ಮುಂದೆ ನಿಲ್ಲಿಸಿದರೆ ಮಕ್ಕಳು ಹೊಗೆಯಲ್ಲಿ ಮಾಯವಾಗುತ್ತಿದ್ದರು, ಟೀಚರು ಕೆಮ್ಮುತ್ತಲೇ ಹಾಜರಿ ಕೂಗುತ್ತಿದ್ದರು. ಮಾರುತ್ತೇನೆ ಎನ್ನಲು ಲೀವನ್‌ಗೆ ಬಾಯಿ ಬರದು. ಮಾವ ಪ್ರತಿ ಭಾನುವಾರ ಬಂದು ಅದರ ಮೂತಿ ಸವರಿ ಹೋಗುತ್ತಿದ್ದರು. ಬೆಲ್ಜಿಯಂ ಸರಕಾರವೇ ಅದಕ್ಕೊಂದು ಗತಿ ಕಾಣಿಸಿಬಿಟ್ಟರೆ ಅಳಿಯನ ತಪ್ಪೇನೂ ಇರುವುದಿಲ್ಲ.

ಆದರೆ ಹೋದ ವರ್ಷ ಆ ಹಾಳು ಗಾಡಿ ಕೂದಲೆಳೆಯಲ್ಲಿ ಪಾಸಾಗಿಬಿಟ್ಟಿತ್ತು. ಈ ಸಲ ಅದೃಷ್ಟವನ್ನು ನೆಚ್ಚಿ ಕೂರುವುದು ಬೇಡವೆಂದು ಲೀವನ್ ಶುಕ್ರವಾರ ಬೆಳಿಗ್ಗೆಯೇ ಮೂಲೆಯ ಆಲೂ ಫ್ರೈ ಅಂಗಡಿಯ ಸಿಮೋನ್ ಬಳಿ ಹೋಗಿ, ವಾರವೆಲ್ಲ ಕರಿದು ಕಪ್ಪಾದ ಎಣ್ಣೆ ಬೇಕೆಂದ. ಇದನ್ನು ಕುಡಿದ ಎಂಜಿನ್ ಕಾರ್ಖಾನೆಯ ಚಿಮಣಿಯನ್ನೂ ನಾಚಿಸುತ್ತದೆ ಎಂದು ಅವನ ಲೆಕ್ಕಾಚಾರ. ಸಿಮೋನ್ ಒಂದು ಬಕೆಟ್ ತುಂಬ ಕೊಟ್ಟಳು, ಹಿಂದೆಯೇ ಮಾವನ ವ್ಯಾನು ಪಾಸು ಮಾಡಿಸಲು ಇವನು ಹೆಣಗುತ್ತಿದ್ದಾನೆಂದು ಇಡೀ ಬೀದಿಗೆ ಸುದ್ದಿಯನ್ನೂ ಹಂಚಿದಳು.

ಅಂಗಡಿಯಲ್ಲಿ ಕರಿಯುತ್ತಿದ್ದದ್ದು ದನದ ಕೊಬ್ಬಿನಲ್ಲಿ. ಮನೆ ಸೇರುವಷ್ಟರಲ್ಲಿ ಜನವರಿಯ ಚಳಿಗೆ ಅದು ಮೇಣದಂತೆ ಗಟ್ಟಿಯಾಯಿತು. ಲೀವನ್ ಅದನ್ನು ಸೌಟಿನಲ್ಲಿ ಕೆರೆದು ಟ್ಯಾಂಕಿಗೆ ತುರುಕಲು ಹೊರಟಾಗ ಎದುರುಮನೆಯ ಗುಸ್ಟ್ ಓಡಿ ಬಂದ. ಹಡಗಿನ ಎಂಜಿನ್ ನೋಡಿಕೊಂಡಿದ್ದು ನಿವೃತ್ತನಾದವನು, ಪ್ರತಿ ಗುರುವಾರ ಮಾವನ ಇಸ್ಪೀಟಿನ ಜೊತೆಗಾರ.

"ಹಂಗಲ್ಲ ಕಣಯ್ಯಾ," ಎಂದ ಗುಸ್ಟ್. "ಗಾಡಿ ಉಳಿಸ್ಕೊಳ್ಳೋಕೆ ಇಷ್ಟು ಒದ್ದಾಡ್ತಿದ್ದೀಯ, ಸರಿಯಾಗಾದ್ರೂ ಮಾಡು. ಕಾಯಿಸಿ ಸೋಸಿ, ನಾಲ್ಕು ಪಾಲು ಡೀಸೆಲ್‌ಗೆ ಒಂದು ಪಾಲು ಬೆರೆಸ್ಬೇಕು. ಇದರೊಳಗೇ ಆಮ್ಲಜನಕ ಇರುತ್ತೆ, ಚೆನ್ನಾಗಿ ಉರಿಯುತ್ತೆ. ಮಸಿ ಅರ್ಧಕ್ಕರ್ಧ ಕಮ್ಮಿ."

ಕಮ್ಮಿಯಾಗುವುದು ಲೀವನ್‌ಗೆ ಬೇಕಿರಲಿಲ್ಲ. ನಿಜ ಹೇಳಿದರೆ ಅದು ಮಾವನ ಕಿವಿ ಮುಟ್ಟುತ್ತದೆ. ಆಗಲಿ ಎಂದು ಬಕೆಟ್ ಒಪ್ಪಿಸಿದ.

ಆಮೇಲೆ ಅವನ ಮಾತು ಕೇಳುವವರೇ ಇರಲಿಲ್ಲ. ಸಿಮೋನ್ ಒಲೆ ಹೊತ್ತಿಸಿ, ಸೋಸಲು ತನ್ನ ಹೊಸ ಕಾಲುಚೀಲವನ್ನೇ ದಾನ ಮಾಡಿದಳು. ಗುಸ್ಟ್ ಅಳತೆ ಮಾಡಿ ಬೆರೆಸಿದ. ಒಳಗಿನ ಹಳೆಯ ಮಸಿ ಉದುರಲೆಂದು ಹೆದ್ದಾರಿಯಲ್ಲಿ ಅರ್ಧ ಗಂಟೆ ಗಾಡಿಯನ್ನು ಅಟ್ಟಾಡಿಸಿದ. ನಡುವೆ ಗುಸ್ಟ್ ಗಾಡಿ ನಿಲ್ಲಿಸಿ ಮರದ ಮರೆಗೆ ಹೋದಾಗ, ಪಕ್ಕದಲ್ಲಿ ಕೂತಿದ್ದ ಲೀವನ್ ಗುಟ್ಟಾಗಿ ಜೊತೆಗೆ ತಂದಿದ್ದ ಉಳಿದ ಬಿಸಿ ಕೊಬ್ಬನ್ನೆಲ್ಲ ಟ್ಯಾಂಕಿಗೆ ಸುರಿದುಬಿಟ್ಟ. ಅತಿಯಾದರೆ ಏನಾದರೂ ಕೆಡಲೇಬೇಕು ಎಂದು ಅವನ ನಂಬಿಕೆ.

ಎರಡು ಗಂಟೆಗೆ ತಪಾಸಣಾ ಕೇಂದ್ರದವನು ಹೊಗೆಕೊಳವೆಗೆ ಹೊಗೆ ಅಳೆಯುವ ಕಡ್ಡಿ ತೂರಿಸಿ ಎಕ್ಸಲರೇಟರ್ ಒತ್ತಿದ. ಮಿತಿ ಎರಡೂವರೆ. ಯಂತ್ರ ತೋರಿಸಿದ್ದು ಮುಕ್ಕಾಲು. ನಂಬದೆ ಮತ್ತೆ ಒತ್ತಿದ, ಇನ್ನೂ ಇಳಿಯಿತು. ಎಂಜಿನ್ನಿನ ಕಸುವು ಚೂರು ಕುಗ್ಗಿದಂತಿದೆ, ಆದರೆ ಇಷ್ಟು ಶುದ್ಧವಾಗಿ ಉಸಿರಾಡುವ ಮುದುಕ ಗಾಡಿಯನ್ನು ತಾನು ಕಂಡೇ ಇಲ್ಲ ಎಂದ. ಆಮೇಲೆ ಗಾಳಿ ಮೂಸಿ, ಹತ್ತಿರದಲ್ಲಿ ಫ್ರೈ ಅಂಗಡಿ ಎಲ್ಲಿದೆ ಎಂದು ವಿಚಾರಿಸಿದ. ಪಾಸಾದ ಹಸಿರು ಚೀಟಿ ಲೀವನ್‌ನ ಕೈ ಸೇರಿತು. ಗುಸ್ಟ್ ಅವನನ್ನು ತಬ್ಬಿಕೊಂಡ, ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ಲೀವನ್‌ಗೆ ಅಳು ಬಂತು. ಎಲ್ಲರೂ ಅದನ್ನು ಆನಂದಬಾಷ್ಪ ಎಂದುಕೊಂಡರು.

ಗೇಟಿನ ಬಳಿ ಮಾವ ಫಿರ್ಮಿನ್ ನಿಂತಿದ್ದರು. ಪಕ್ಕದಲ್ಲಿ ರಿಬ್ಬನ್ ಕಟ್ಟಿದ ಹೊಚ್ಚಹೊಸ ವಿದ್ಯುತ್ ಕಾರು.

"ಅಳಿಯಂದ್ರೇ, ನಿಮ್ಮನ್ನ ತಪ್ಪು ತಿಳ್ಕೊಂಡಿದ್ದೆ," ಎಂದರು. "ನಿಮಗೆ ಈ ವ್ಯಾನ್ ಬೇಡ, ನನ್ನ ಮನಸ್ಸು ನೋಯುತ್ತೆ ಅಂತ ಸುಮ್ನಿದ್ದೀರಿ ಅನ್ಕೊಂಡಿದ್ದೆ. ಇವತ್ತು ಇದು ಫೇಲಾದ ಕೂಡ್ಲೇ ಈ ಕಾರಿನ ಕೀ ನಿಮ್ಮ ಕೈಗಿಡೋಣ ಅಂತ ತಂದಿದ್ದೆ."

"ಮಾವ, ಅದು ಏನಂದ್ರೆ..."

"ಏನೂ ಹೇಳ್ಬೇಡಿ. ಬೆಳಿಗ್ಗೆಯಿಂದ ನೀವು ಪಟ್ಟ ಪಾಡನ್ನ ಗುಸ್ಟ್ ಫೋನ್ ಮಾಡಿ ಹೇಳಿದ. ಇಷ್ಟು ಪ್ರೀತಿ ಇಟ್ಟಿರೋರ ಹತ್ರ ವ್ಯಾನ್ ಕಿತ್ಕೊಳ್ಳೋಷ್ಟು ಪಾಪಿ ಅಲ್ಲ ನಾನು. ಈ ಕಾರು ಗೆಂಟ್ ಊರಲ್ಲಿರೋ ಕಿರಿ ಅಳಿಯನಿಗೆ ಇರಲಿ. ಅವನಿಗೆ ನಿಮ್ಮಷ್ಟು ಅಭಿಮಾನ ಇಲ್ಲ, ಏನು ಕೊಟ್ರೂ ನಡೆಯುತ್ತೆ."

ಫಿರ್ಮಿನ್ ಅಳಿಯನ ಬೆನ್ನು ತಟ್ಟಿ ಹೊಸ ಕಾರು ಹತ್ತಿದರು. ಅದು ಹೊಗೆಯಿಲ್ಲದೆ, ಸದ್ದಿಲ್ಲದೆ ಗೆಂಟ್ ದಾರಿ ಹಿಡಿಯಿತು.