ಅಲ್ಲಾಡದೆ ಮಲಗಿದ ಟೈಲರಣ್ಣ

"ಆಯ್ತಾ?" ಎಂದು ಟೈಲರಣ್ಣ ಕೇಳಿದ್ದೇ ಎಲ್ಲದಕ್ಕೂ ಮೂಲ. ಹೊಟ್ಟೆನೋವೆಂದು ಆಸ್ಪತ್ರೆ ಸೇರಿ, ಸ್ಕ್ಯಾನಿಂಗ್ ಯಂತ್ರದೊಳಗೆ ಉಸಿರು ಹಿಡಿದು ಮಲಗಬೇಕಾದವನು ಬಾಯಿ ಬಿಟ್ಟಿದ್ದ. ಹೊಟ್ಟೆಯ ಚಿತ್ರವೆಲ್ಲ ಕಲಸಿಹೋಯಿತು.

"ನೀವು ಅಲ್ಲಾಡಿದ್ರಿ," ಎಂದ ಸ್ಕ್ಯಾನ್ ತೆಗೆಯುವವನು.

ಟೈಲರಣ್ಣನಿಗೆ ಚುರುಕ್ಕೆಂದಿತು. ಮೂವತ್ತು ವರ್ಷದಿಂದ ಗಿರಾಕಿಗಳಿಗೆ ಅವನೇ ಹೇಳುತ್ತ ಬಂದ ಮಾತದು. ಬಟ್ಟೆ ಬಿಗಿಯಾದರೂ ಅದೇ, ದೊಗಳೆಯಾದರೂ ಅದೇ: "ಹೊಲಿಗೆ ಸರಿಯಾಗಿದೆ, ಅಳತೆ ಕೊಡೋವಾಗ ನೀವು ಅಲ್ಲಾಡಿದ್ರಿ." ಈ ಸ್ಕ್ಯಾನಿನವನೂ ಅವನ ಗಿರಾಕಿಯೇ. ಹೊಟ್ಟೆಯ ಮೇಲೆ ಬಾಯಿ ಬಿಟ್ಟುಕೊಂಡಿದ್ದ ಅಂಗಿಯೇ ಅದಕ್ಕೆ ಸಾಕ್ಷಿ.

"ಮಧ್ಯಾಹ್ನ ಇನ್ನೊಂದೇ ಸಲ," ಎಂದರು ಡಾಕ್ಟರು. "ಚಿತ್ರ ಚೊಕ್ಕವಾಗಿ ಬಂದು, ಒಳಗೇನೂ ಇಲ್ಲ ಅಂತ ಕಂಡ್ರೆ ಸಂಜೆ ಮನೆಗೆ. ಇಲ್ಲಾಂದ್ರೆ ಇಲ್ಲೇ ಇರಿ. ಬಾಯಿಗೇನೂ ಇಲ್ಲ, ಬರೀ ಡ್ರಿಪ್ಸು. ಆಪರೇಷನ್ ವಿಚಾರ ಆಮೇಲೆ."

ಕತ್ತರಿ ಹಿಡಿದೇ ಬದುಕಿದ್ದವನಿಗೆ, ತನ್ನ ಮೇಲೇ ಕತ್ತರಿ ಆಡೀತೆಂದರೆ ಜೀವ ಝಲ್ಲೆಂದಿತು. "ಕಲ್ಲಿನ ಹಾಗೆ ಮಲಗ್ತೀನಿ, ನೋಡ್ತಿರಿ!" ಎಂದು ಶಪಥ ಮಾಡಿದ.

ವಾರ್ಡಿನಲ್ಲಿ ಅಭ್ಯಾಸ ಶುರುವಾಯಿತು. ಪಕ್ಕದ ಮಂಚದ ಡ್ರಿಲ್ ಮೇಷ್ಟ್ರು ಕೇಳದೆಯೇ ಗುರುವಾದರು. "ಎಳ್ಕೊಳ್ಳಿ... ಹಿಡೀರಿ! ನಾನು ಹೇಳೋವರೆಗೂ ಬಿಡಬಾರದು!" ಎಂದವರು ಕೆಮ್ಮು ಬಂದು ಹೇಳುವುದನ್ನೇ ಮರೆತರು. ಟೈಲರಣ್ಣನ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಅತ್ತ ಬಂದ ನರ್ಸಮ್ಮ ಕೂಗಿಕೊಂಡರು. ಹೆಂಡತಿ ಗೊಳೋ ಎಂದಳು. ಯಾರೋ ಮೂಗಿಗೆ ಆಕ್ಸಿಜನ್ ಒತ್ತಿದರು, ಯಾರೋ ನೀರಿನ ಜಗ್ಗನ್ನು ಅವನ ಮೇಲೇ ಉರುಳಿಸಿದರು.

"ಬಿಡಿ!" ಎಂದರು ಮೇಷ್ಟ್ರು, ಕೊನೆಗೂ.

ಟೈಲರಣ್ಣ ಬಿಟ್ಟ. ಮೈಮೇಲಿನ ಗೌನು ತೊಪ್ಪೆಯಾಗಿತ್ತು.

ಮಧ್ಯಾಹ್ನ ಅವನ ಉಂಗುರ, ಕನ್ನಡಕ ಎಲ್ಲ ಬಿಚ್ಚಿಸಿ, ಅಂದೇ ಕಟ್ಟು ಒಡೆದ ಹೊಸ ಗೌನೊಂದನ್ನು ತೊಡಿಸಿದರು. ಕನ್ನಡಕವಿಲ್ಲದ ಟೈಲರಣ್ಣ ಅದನ್ನು ಬರಿಗೈಯಲ್ಲೇ ಸವರಿ, "ಹೊಲಿದವನ ಕೈ ಚೆನ್ನಾಗಿದೆ," ಎಂದ.

ಈ ಸಲ ಮೂಗಿನ ಮೇಲೆ ನೊಣ ಕೂತರೂ ಅವನು ಮಿಸುಕಲಿಲ್ಲ.

ಆದರೆ ಪರದೆ ನೋಡಿದ ಡಾಕ್ಟರು ಹುಬ್ಬು ಗಂಟಿಕ್ಕಿದರು. ಹೊಟ್ಟೆಯ ನಡುವೆ ಬೆಳ್ಳಗೆ ಎರಡು ನಕ್ಷತ್ರ. ಅವುಗಳಿಂದ ಹೊರಟ ಗೆರೆಗಳಲ್ಲಿ ಮಿಕ್ಕದ್ದೆಲ್ಲ ಮುಚ್ಚಿಹೋಗಿತ್ತು. "ಏನೋ ಲೋಹ. ಸೂಜಿಗೀಜಿ ನುಂಗಿದ್ದೀರಾ?"

"ಪಿನ್ನು ಬಾಯಲ್ಲಿ ಕಚ್ಕೋಬೇಡಿ ಅಂತ ಬಡ್ಕೊಂಡೆ!" ಎಂದಳು ಹೆಂಡತಿ.

"ನಾನು ಏನೂ ನುಂಗಿಲ್ಲ! ಅಲ್ಲಾಡ್ಲೂ ಇಲ್ಲ!"

ಸ್ಕ್ಯಾನಿನವನು ಗೌನಿನ ಪಟ್ಟಿ ಮಗುಚಿದ. ಒಳಗೆ ಕಬ್ಬಿಣದ ಎರಡು ಟಿಚ್ ಬಟನ್ನು ಅವಿತು ಕೂತಿದ್ದವು.

ಟೈಲರಣ್ಣ ಕೆಂಡವಾದ. "ಸ್ಕ್ಯಾನಿಂಗ್ ಗೌನಿಗೆ ಯಾರಾದ್ರೂ ಕಬ್ಬಿಣ ಹಾಕ್ತಾರಾ? ಯಾವನವನು ಮುಠ್ಠಾಳ? ಕರೆಸಿ ಅವನನ್ನ!"

ಹೆಂಡತಿ ಅವನ ಮೂಗಿಗೆ ಕನ್ನಡಕ ಏರಿಸಿದಳು. ಪಟ್ಟಿಯ ತುದಿಯಲ್ಲಿ ಕೆಂಪು ದಾರದ ಮೂರು ಗಂಟು ಕಂಡವು. ಅದು ಅವನದೇ ಗುರುತು. ಹೋದ ತಿಂಗಳು ಬಟ್ಟೆ ಅಂಗಡಿಯವನು ಅರವತ್ತು ಗೌನು ಹೊಲಿಯಲು ಕೊಟ್ಟು, "ಲಾಡಿನೇ ಇಡಿ," ಎಂದಿದ್ದ. ಯಾವ ಆಸ್ಪತ್ರೆಗೆಂದು ಇವನು ಕೇಳಿರಲಿಲ್ಲ. ಲಾಡಿ ಹೊಲಿಯುವ ತಾಪತ್ರಯ ಯಾರಿಗೆ ಬೇಕೆಂದು ಬಟನ್ನು ಒತ್ತಿ ಕೈ ತೊಳೆದುಕೊಂಡಿದ್ದ.

"ಇವತ್ತು ಮೂರನೇ ಸಲ ತೆಗೆಯೋ ಹಾಗಿಲ್ಲ," ಎಂದರು ಡಾಕ್ಟರು. "ನಾಳೆ ನೋಡೋಣ. ಡ್ರಿಪ್ಸ್ ಹಾಕಿ."

ಸಂಜೆ ಒಂದು ಕೈಗೆ ಡ್ರಿಪ್ಸು, ಇನ್ನೊಂದು ಕೈಲಿ ಕತ್ತರಿ ಹಿಡಿದು ಟೈಲರಣ್ಣ ಮಂಚದ ಮೇಲೆ ಬಟನ್ನು ಬಿಚ್ಚುತ್ತ ಕೂತ. ಸ್ಕ್ಯಾನಿನವನು ಉಳಿದ ಐವತ್ತೊಂಬತ್ತು ಗೌನುಗಳ ಗಂಟನ್ನು ತಂದು ಪಕ್ಕದಲ್ಲಿಟ್ಟ. ಮೇಲೆ ಅವನ ಅಂಗಿಯೂ ಇತ್ತು.

"ಇದನ್ನೂ ಸ್ವಲ್ಪ ಸಡಿಲ ಮಾಡಿ, ಟೈಲರಣ್ಣ," ಎಂದು ಬನಿಯನ್ನಿನಲ್ಲೇ ನೆಟ್ಟಗೆ ನಿಂತ. "ಅಳತೆ ತಗೊಳ್ಳಿ. ನಾನು ಅಲ್ಲಾಡೋದಿಲ್ಲ."