ಎದೆ ಎತ್ತಿಸಿಕೊಳ್ಳುವ ಮುಂಚೆ

ನಾನು ಯಾವುದನ್ನು ಗುಟ್ಟಾಗಿಡಬೇಕು ಅಂದುಕೊಳ್ಳುತ್ತೇನೋ, ಸರಿಯಾಗಿ ಅದಕ್ಕೇ ಜನ ಸೇರುತ್ತಾರೆ. ಮೈಸೂರಿನಲ್ಲಿದ್ದಾಗಲೂ ಹೀಗೇ, ನ್ಯೂಜಿಲೆಂಡಿನ ಆಕ್ಲೆಂಡಿಗೆ ಬಂದು ತಕಾನಿನಿ ಬಡಾವಣೆಯಲ್ಲಿ ಮನೆ ಮಾಡಿದ ಮೇಲೂ ಹೀಗೇ. ಇಬ್ಬರು ಹೆಣ್ಣುಮಕ್ಕಳಿಗೆ ಹಾಲೂಡಿಸಿ ಮುಗಿಸುವಷ್ಟರಲ್ಲಿ ನನ್ನ ಎದೆ ಇಳಿದುಹೋಗಿತ್ತು. ಅದನ್ನು ಆಪರೇಷನ್ ಮಾಡಿಸಿ ಮೇಲಕ್ಕೆ ಎತ್ತಿಸಿಕೊಳ್ಳುವುದೋ ಬೇಡವೋ ಅನ್ನುವುದು ವಿಷಯ. ಇದಕ್ಕಿಂತ ಗುಟ್ಟು ಇನ್ಯಾವುದಿದೆ? ಆದರೂ ಎಷ್ಟು ಜನ ಇದಕ್ಕೆ ಬಾಯಿ ಹಾಕಿದರು ನೋಡಿ.

ನೈಟಿಯೊಳಗಿನ ವಿದ್ಯೆ

ದೊಡ್ಡ ಮಗಳು ಈಜು ಕಲಿಯುತ್ತಿದ್ದಾಳೆ. ಅವಳು ಕಲಿಯುವಾಗ ನಾನು ಚಿಕ್ಕವಳನ್ನು ಎತ್ತಿಕೊಂಡು ಪಕ್ಕದ ಸಣ್ಣ ಕೊಳದಲ್ಲಿ ಇಳಿಯಬೇಕು. ನೀರಿನ ಭಯ ನನಗಿಲ್ಲ. ಭಯ ಇರುವುದು ಬಟ್ಟೆ ಬದಲಾಯಿಸುವ ಕೋಣೆಯದ್ದು. ಅಲ್ಲಿ ಪರದೆಯೂ ಇಲ್ಲ, ಬಾಗಿಲೂ ಇಲ್ಲ, ಉದ್ದಕ್ಕೆ ಒಂದು ಬೆಂಚು ಅಷ್ಟೇ.

ನಮ್ಮ ಕಡೆಯ ಹೆಂಗಸರಿಗೆ ಒಂದು ವಿದ್ಯೆ ಬರುತ್ತದೆ. ತಲೆಯ ಮೇಲಿಂದ ನೈಟಿ ಇಳಿಬಿಟ್ಟುಕೊಂಡು, ಅದರೊಳಗೇ ಒಂದು ಬಟ್ಟೆ ಕಳಚಿ ಇನ್ನೊಂದನ್ನು ತೊಡುವುದು. ತುಂಬಿದ ಮನೆಯಲ್ಲಿ ಅಕ್ಕ, ಅತ್ತಿಗೆ, ಚಿಕ್ಕಮ್ಮಂದಿರ ನಡುವೆ ಬೆಳೆದ ನನಗೆ ಅದು ಎಸ್ಸೆಸ್ಸೆಲ್ಸಿಗಿಂತ ಮುಂಚೆಯೇ ಪಾಸಾಗಿತ್ತು. ಆವತ್ತು ನಾನು ನೈಟಿಯೊಳಗೆ ಒಂದು ಕೈ, ಒಂದು ಮೊಣಕಾಲು, ಹಲ್ಲಿನಲ್ಲಿ ಒಂದು ಅಂಚು ಹಿಡಿದುಕೊಂಡು ಒದ್ದಾಡುತ್ತಿದ್ದೆ. ಎದುರಿಗೆ ಎಪ್ಪತ್ತರ ಒಬ್ಬ ನ್ಯೂಜಿಲೆಂಡ್ ಅಜ್ಜಿ. ಮೈಮೇಲೆ ಒಂದು ದಾರವೂ ಇಲ್ಲ. ಆರಾಮಾಗಿ ತಲೆ ಒರೆಸಿಕೊಳ್ಳುತ್ತಾ ನನ್ನನ್ನೇ ನೋಡುತ್ತಿದ್ದಾರೆ.

“ಅದರೊಳಗೆ ಇನ್ನೂ ಯಾರಾದರೂ ಇದ್ದಾರೇನು, ಡಿಯರ್?” ಅಂದರು.

ನನಗೆ ನಗುವೂ ಬಂತು, ನಾಚಿಕೆಯೂ ಆಯಿತು. “ಎರಡು ಮಕ್ಕಳಾದ ಮೇಲೆ ನೋಡುವ ಹಾಗಿಲ್ಲ, ಅದಕ್ಕೇ,” ಅಂದೆ. ಅಜ್ಜಿ ಒಂದು ಸಲ ತಮ್ಮ ಎದೆ ನೋಡಿಕೊಂಡರು.

“ನನಗೆ ನಾಲ್ಕು ಮಕ್ಕಳು. ಈಜುಕೊಳಕ್ಕೆ ಬಂದರೆ ಇವೆರಡೂ ನನಗಿಂತ ಮೊದಲೇ ನೀರಿಗಿಳಿಯುತ್ತವೆ!”

ಗ್ಯಾರಂಟಿ

ಅಜ್ಜಿಯ ಮುಂದೆ ನಕ್ಕವಳು ಕಾರಿನಲ್ಲಿ ಕೂತು ಅತ್ತುಬಿಟ್ಟೆ. ಅವರಿಗೆ ಎಪ್ಪತ್ತು, ನನಗಿನ್ನೂ ಮೂವತ್ತೊಂದು. ಮನೆಗೆ ಬಂದವಳೇ ನಮ್ಮ ಯಜಮಾನರಿಗೆ ಹೇಳಿಯೇಬಿಟ್ಟೆ. ಅವರು ಈಸ್ಟ್ ತಮಾಕಿಯ ಒಂದು ಗೋಡೌನಿನಲ್ಲಿ ಫೋರ್ಕ್‌ಲಿಫ್ಟ್ ರಿಪೇರಿ ಮಾಡುತ್ತಾರೆ. ಸಂಜೆ ಮನೆಗೆ ಬಂದರೆ ಅವರ ಕಣ್ಣು ಫೋನಿನಲ್ಲೇ.

“ರೀ, ಎದೆ ಎತ್ತಿಸ್ಕೊಳ್ಳೋ ಆಪರೇಷನ್ ಮಾಡಿಸ್ಕೊಳ್ಳೋಣ ಅಂತಿದ್ದೀನಿ.”

ಫೋನು ಕೆಳಗೆ ಬಿತ್ತು. “ನಾನೇನಾದ್ರೂ ಅಂದ್ನಾ?”

“ನೀವು ಅಂದಿದ್ರೆ ಇಷ್ಟೊತ್ತಿಗೆ ನಿಮಗೇ ಆಪರೇಷನ್ ಆಗಿರ್ತಿತ್ತು.”

“ಮತ್ತೆ ಯಾರಿಗೋಸ್ಕರ ಕಣೇ? ನನಗಂತೂ ನೀನು ಹೆಂಗಿದ್ರೂ ಸರಿ.”

“ನಿಮಗೋಸ್ಕರ ನಾನು ತಲೆಗೆ ಬಣ್ಣಾನೂ ಹಚ್ಚಲ್ಲ. ಇದು ನನಗೋಸ್ಕರ. ಕನ್ನಡಿ ಮುಂದೆ ನಿಂತ್ರೆ ಕತ್ತಿನಿಂದ ಕೆಳಕ್ಕೆ ನೋಡ್ಕೊಳ್ಳೋಕೇ ಆಗ್ತಿಲ್ಲ ನನಗೆ. ಮನೇಲೂ ವೇಲ್ ಹೊದ್ಕೊಂಡು ಓಡಾಡ್ತೀನಿ, ಕಂಡಿಲ್ವಾ?”

ಅವರು ನನ್ನ ವೇಲ್ ಕಡೆ ನೋಡಿದರು. ನಿಜವಾಗಿಯೂ ಕಂಡಿರಲಿಲ್ಲ ಅಂತ ಕಾಣುತ್ತೆ. ಆಮೇಲೆ ಅವರೇ ಬೆಡ್‌ರೂಮಿಗೆ ಹೋಗಿ, ಆ ಆಪರೇಷನ್ ಹೇಗೆ ಮಾಡುತ್ತಾರೆ ಅಂತ ಒಂದು ವಿಡಿಯೋ ಹಾಕಿಕೊಂಡು ನೋಡಿದರು. ಗ್ರೀಸು, ಎಣ್ಣೆ, ಕಬ್ಬಿಣದ ನಡುವೆ ದಿನ ಕಳೆಯುವ ಗಂಡಸು ಬೆವರಿಕೊಂಡು ಹೊರಗೆ ಬಂದು, ಒಂದು ಚೊಂಬು ನೀರು ಕುಡಿದು, ಸೋಫಾ ಹಿಡಿದು ಕೂತರು. ಸ್ವಲ್ಪ ಸುಧಾರಿಸಿಕೊಂಡ ಮೇಲೆ ಒಂದೇ ಒಂದು ಪ್ರಶ್ನೆ.

“ಎಲ್ಲಾ ಸರಿ. ಎತ್ತಿದ ಮೇಲೆ ಗ್ಯಾರಂಟಿ ಎಷ್ಟು ವರ್ಷ?”

ಅಂಗಡಿ ಅಣ್ಣನ ಅಳತೆ

ನಮ್ಮ ಫ್ಯಾಮಿಲಿ ಡಾಕ್ಟರ ಹತ್ತಿರ ಹೋದೆ. ಸರ್ಕಾರಿ ಆಸ್ಪತ್ರೆಯಲ್ಲಿ ಇದನ್ನು ಸಾಮಾನ್ಯವಾಗಿ ಮಾಡುವುದಿಲ್ಲ, ಬೇಕಾದರೆ ಪ್ರೈವೇಟಿಗೆ ಬರೆದುಕೊಡುತ್ತೇನೆ ಅಂದರು. ಆಮೇಲೆ, “ಅದಕ್ಕೆ ಮುಂಚೆ, ನೀವು ಸರಿಯಾದ ಅಳತೆಯ ಬ್ರಾ ಹಾಕುತ್ತಿದ್ದೀರಾ? ಬೆನ್ನು ನೋವು, ಬಗ್ಗಿ ನಡೆಯುವುದು ಅರ್ಧ ಅದರಿಂದಲೇ ಸರಿಹೋಗಬಹುದು,” ಅಂದರು.

ಬ್ರಾ ಅಂಗಡಿಗೆ ಹೋದೆ. ಅಲ್ಲಿಯ ಹೆಂಗಸು ಟೇಪು ಹಿಡಿದು ಬಂದು, “ಈ ಸೈಜು ನಿಮಗೆ ಯಾರು ಹೇಳಿದ್ದು?” ಅಂತ ಕೇಳಿದಳು.

ಏನು ಹೇಳಲಿ ಅವಳಿಗೆ? ಮೈಸೂರಿನಲ್ಲಿ ನಮ್ಮ ಬೀದಿಯ ಕೊನೆಯ ಅಂಗಡಿಯಲ್ಲಿ ಒಬ್ಬ ಅಣ್ಣ ಇದ್ದ. ನಾವು ಕೌಂಟರಿನ ಮುಂದೆ ನಿಂತು, ಬೇರೆ ಗಿರಾಕಿಗಳು ಹೋಗುವ ತನಕ ಹೇರ್‌ಪಿನ್ನಿನ ಬೆಲೆ ಕೇಳುತ್ತಾ ಕಾಲ ತಳ್ಳುತ್ತಿದ್ದೆವು. ಅವನು ನಮ್ಮ ಮುಖ ನೋಡಿಯೇ ವಿಷಯ ತಿಳಿದುಕೊಂಡು, ಅರ್ಧ ನಿಮಿಷ ಕಣ್ಣು ಹಾಯಿಸಿ, “ಮೂವತ್ತಾರು” ಅಂತ ತೀರ್ಪು ಕೊಟ್ಟು, ಪೇಪರಿನಲ್ಲಿ ಸುತ್ತಿ ಕೈಗೆ ಹಾಕುತ್ತಿದ್ದ. ಬಿಚ್ಚಿ ನೋಡುವ ಹಾಗಿಲ್ಲ, ಹಾಕಿ ನೋಡುವ ಮಾತಂತೂ ದೂರ. ನನಗೂ ಮೂವತ್ತಾರು, ನಮ್ಮಮ್ಮನಿಗೂ ಮೂವತ್ತಾರು, ಎದುರುಮನೆಯ ಟೀಚರಿಗೂ ಮೂವತ್ತಾರು. ಮದುವೆಯಾಗಿ, ಸಮುದ್ರ ದಾಟಿ, ಎರಡು ಹೆತ್ತ ಮೇಲೂ ನಾನು ಆ ಅಣ್ಣನ ಮಾತನ್ನು ಮೀರಿರಲಿಲ್ಲ.

ಎಲ್ಲವನ್ನೂ ಹೇಳಿದೆ. ಅವಳು ಟೇಪು ಕೆಳಗಿಟ್ಟು ನಕ್ಕಳು. ಆಮೇಲೆ ಕೊಟ್ಟ ಬ್ರಾ ಹಾಕಿಕೊಂಡು ನೋಡುತ್ತೇನೆ, ಬೆನ್ನಿನ ಭಾರ ಇಳಿದ ಹಾಗಾಯಿತು. ಬಿಚ್ಚಿದರೆ ಮಾತ್ರ ಕಥೆ ಮೊದಲಿನದ್ದೇ. ಅದನ್ನೂ ಅವಳಿಗೆ ಹೇಳಿದೆ.

“ಅದು ಟೇಪಿನ ಕೆಲಸವಲ್ಲ, ಡಾಕ್ಟರ ಕೆಲಸ,” ಅಂದಳು. “ಆದರೆ ದಯವಿಟ್ಟು ಆಪರೇಷನ್ನಿಗೆ ಮುಂಚೆ ಆ ಅಣ್ಣನನ್ನು ಮಾತ್ರ ಕೇಳಬೇಡಿ.”

ನಗಬೇಡಿ

ಆಪರೇಷನ್ ಮಾಡುವ ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡುವ ನಿಧಾನದ ಮನುಷ್ಯೆ. ಮೊದಲ ದಿನವೇ ಎಲ್ಲವನ್ನೂ ಬಿಡಿಸಿ ಹೇಳಿದರು. ಇದರಿಂದ ಎದೆ ಎತ್ತರಕ್ಕೆ ಬರುತ್ತದೆ, ದೊಡ್ಡದಾಗುವುದಿಲ್ಲ. ಹೊಲಿಗೆಯ ಗುರುತು ವರ್ಷಗಳಲ್ಲಿ ಮಾಸುತ್ತದೆ, ಪೂರ್ತಿ ಹೋಗುವುದಿಲ್ಲ. ತೊಟ್ಟಿನ ಸ್ಪರ್ಶ ಕಡಿಮೆಯಾಗಬಹುದು. ಹಾಲು ಬಿಡಿಸಿ ಕೆಲವು ತಿಂಗಳಾಗಿರಬೇಕು, ತೂಕ ಒಂದು ಕಡೆ ನಿಂತಿರಬೇಕು, ಸಿಗರೇಟು ಸೇದುವ ಹಾಗಿಲ್ಲ.

ನಮ್ಮ ಯಜಮಾನರು ಬಿಡಲಿಲ್ಲ, ಗ್ಯಾರಂಟಿ ಕೇಳಿಯೇಬಿಟ್ಟರು. ನಾನು ಕುರ್ಚಿಯ ಕೆಳಗೆ ಅವರ ಕಾಲು ತುಳಿದೆ. ಡಾಕ್ಟರಮ್ಮ ಮಾತ್ರ, “ಒಳ್ಳೆಯ ಪ್ರಶ್ನೆ,” ಅಂದುಬಿಟ್ಟರು! ಬಹಳ ವರ್ಷ ಚೆನ್ನಾಗಿರುತ್ತದೆ, ಆದರೆ ವಯಸ್ಸು ತನ್ನ ಕೆಲಸ ಮಾಡುತ್ತಲೇ ಇರುತ್ತದೆ, ನಿಧಾನವಾಗಿ ಮತ್ತೆ ಇಳಿಯುತ್ತದೆ ಅಂದರು. ಯಜಮಾನರು ಮನೆಗೆ ಬರುವ ತನಕ ಎದೆ ಉಬ್ಬಿಸಿಕೊಂಡೇ ಇದ್ದರು, ಆಪರೇಷನ್ ಅವರಿಗೇ ಆದ ಹಾಗೆ.

ಕೊನೆಗೆ ನರ್ಸಮ್ಮ ಫೋಟೋ ತೆಗೆಯಬೇಕು ಅಂದಳು, ಮುಂಚೆ ಹೇಗಿತ್ತು ಆಮೇಲೆ ಹೇಗಾಯಿತು ಅಂತ ಹೋಲಿಸಲು. ಮೇಲಿನ ಬಟ್ಟೆ ತೆಗೆದು ಬಿಳಿ ಗೋಡೆಗೆ ಬೆನ್ನು ಹಾಕಿ ನಿಂತೆ. ಹುಟ್ಟಿದಾಗಿನಿಂದ ಯಾವ ಫೋಟೋಗ್ರಾಫರನೂ ನನಗೆ “ಸೆರಗು ಸರಿಮಾಡ್ಕೊಳ್ಳಿ” ಅನ್ನದೆ ಫೋಟೋ ತೆಗೆದಿಲ್ಲ. ಕ್ಯಾಮೆರಾ ಕಂಡ ಕೂಡಲೇ ನನ್ನ ಕೈ ತಾನಾಗಿ ಭುಜಕ್ಕೆ ಹೋಯಿತು, ಇಲ್ಲದ ಸೆರಗನ್ನು ಎಳೆದುಕೊಂಡೆ. ಕುಂಕುಮ ಸರಿಯಿದೆಯಾ ಅಂತ ಮುಟ್ಟಿ ನೋಡಿಕೊಂಡೆ. ಆಮೇಲೆ, ಮದುವೆ ಮನೆಯಲ್ಲಿ ನಗುತ್ತೇವಲ್ಲ, ಹಾಗೆ ಹಲ್ಲು ಬಿಟ್ಟುಕೊಂಡು ನಿಂತೆ.

ನರ್ಸಮ್ಮ ಕ್ಯಾಮೆರಾ ಇಳಿಸಿ, ತುಂಬಾ ಮೃದುವಾಗಿ ಹೇಳಿದಳು. “ಮುಖ ಬರುವುದಿಲ್ಲಮ್ಮಾ. ಆದರೆ ನೀವು ನಕ್ಕರೆ ಮಿಕ್ಕಿದ್ದೆಲ್ಲ ಅಲುಗಾಡುತ್ತೆ.”

ಏರ್‌ಪೋರ್ಟಿನಲ್ಲಿ ಬಾಣಂತನ

ಮನೆಗೆ ಹೋಗಿ ಚೆನ್ನಾಗಿ ಯೋಚಿಸಿ ಇನ್ನೊಮ್ಮೆ ಬನ್ನಿ, ಆತುರ ಬೇಡ ಅಂದಿದ್ದರು ಡಾಕ್ಟರಮ್ಮ. ನಾನು ಯೋಚಿಸಿದ್ದು ಒಂದೇ. ಆಪರೇಷನ್ ಆದ ಮೇಲೆ ಆರು ವಾರ ಭಾರ ಎತ್ತುವ ಹಾಗಿಲ್ಲ. ಚಿಕ್ಕವಳಿಗೆ ಎರಡೂವರೆ ವರ್ಷ, ನೆಲದ ಮೇಲೆ ಕಾಲಿಡುವುದೇ ಇಲ್ಲ, ಸದಾ ನನ್ನ ಸೊಂಟದ ಮೇಲೆ. ಯಜಮಾನರಿಗೆ ಅಷ್ಟು ರಜೆ ಇಲ್ಲ. ನಮ್ಮಮ್ಮನಿಗೆ ಮಂಡಿನೋವು. ಉಳಿದವರು ನಮ್ಮ ಅತ್ತೆ ಒಬ್ಬರೇ. ಅತ್ತೆ ಬರದಿದ್ದರೆ ಆಪರೇಷನ್ ಇಲ್ಲ. ಆದರೆ ಆ ಅತ್ತೆ, ವಿಡಿಯೋ ಕಾಲ್ ಮಾಡಿದಾಗಲೆಲ್ಲ “ಒಂದು ಗಂಡಾಗಿಬಿಡ್ಲಿ” ಅನ್ನದೆ ಫೋನಿಟ್ಟವರೇ ಅಲ್ಲ. ಅವರಿಗೆ ಇದನ್ನು ಹೇಗೆ ಹೇಳುವುದು?

ಯಜಮಾನರು ಜಾಣತನ ಮಾಡಿದರು. “ಅಮ್ಮಾ, ಇವಳು ಆರು ವಾರ ಮಗು ಎತ್ತೋ ಹಾಗಿಲ್ಲ, ಕೈ ಮೇಲೆತ್ತಿ ಬಟ್ಟೆ ಒಣಗಿಹಾಕೋ ಹಾಗಿಲ್ಲ, ರೆಸ್ಟ್ ಬೇಕು. ಯಾಕೆ ಅಂತ ಬಂದ್ಮೇಲೆ ಹೇಳ್ತೀವಿ. ಬಾ.” ಅತ್ತೆ ಒಂದೂ ಪ್ರಶ್ನೆ ಕೇಳಲಿಲ್ಲ. ಅವರ ಮುಖದಲ್ಲಿ ದೀಪ ಹತ್ತಿದ್ದನ್ನು ನೋಡಿಯಾದರೂ ನಮಗೆ ತಿಳಿಯಬೇಕಿತ್ತು. ಮೂರು ತಿಂಗಳು ತುಂಬುವ ಮುಂಚೆ ಬಾಯಿಬಿಟ್ಟು ಹೇಳಬಾರದು ಅನ್ನುವುದು ನಮ್ಮ ಕಡೆಯ ಪದ್ಧತಿಯಲ್ಲವೇ?

ಆಕ್ಲೆಂಡ್ ಏರ್‌ಪೋರ್ಟಿನಲ್ಲಿ ಹೊರಗಿಂದ ಬಂದ ತಿಂಡಿ, ಬೇರು, ಬೀಜ ಎಲ್ಲವನ್ನೂ ಬಿಚ್ಚಿಸಿ ನೋಡುತ್ತಾರೆ. ಎಲ್ಲರೂ ಬಂದರೂ ಅತ್ತೆ ಬರಲಿಲ್ಲ. ಬಹಳ ಹೊತ್ತಾದ ಮೇಲೆ ಒಬ್ಬ ಆಫೀಸರು ಅವರ ಟ್ರಾಲಿ ತಳ್ಳಿಕೊಂಡು ಬಂದ. ಪೆಟ್ಟಿಗೆಯ ತುಂಬ ಅಂಟಿನ ಉಂಡೆ, ಬಾಣಂತಿ ಲೇಹ್ಯ, ಸೊಂಟಕ್ಕೆ ಸುತ್ತುವ ಹಳೇ ಪಂಚೆ. ಬಜೆ ಬೇರನ್ನು ಮಾತ್ರ ಅವನು ಕಿತ್ತುಕೊಂಡಿದ್ದ. ಇವೆಲ್ಲ ಯಾಕೆ ಅಂತ ಕೇಳಿದ್ದಕ್ಕೆ ಅತ್ತೆ ತಮ್ಮ ಹೊಟ್ಟೆಯ ಮುಂದೆ ಕೈಯಲ್ಲಿ ಕುಂಬಳಕಾಯಿಯಷ್ಟು ಗಾತ್ರ ತೋರಿಸಿ, “ಮೈ ಸೊಸೆ, ಬೇಬಿ” ಅಂದಿದ್ದರಂತೆ. ಅವನು ನನ್ನ ಕೈ ಕುಲುಕಿ, ಅಭಿನಂದನೆ ಹೇಳಿ ಹೋದ.

ಅತ್ತೆ ನನ್ನ ಕೆನ್ನೆ ಸವರಿ ದೃಷ್ಟಿ ತೆಗೆದರು. ನಾವಿಬ್ಬರೂ ಕಲ್ಲಾಗಿ ನಿಂತಿದ್ದೆವು. ಮಕ್ಕಳ ಮುಂದೆ ಗುಟ್ಟು ಮಾತಾಡುವಾಗ ನಾವು ಕನ್ನಡದಲ್ಲೇ ಮಾತಾಡುವುದು. ದೊಡ್ಡವಳು ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾಳಲ್ಲ, ಅವಳಿಗೇನು ಅರ್ಥವಾಗುತ್ತದೆ ಅಂದುಕೊಂಡಿದ್ದೆವು. ಅವಳು ಅಜ್ಜಿಯ ಕೈ ಹಿಡಿದು, ಇಡೀ ಏರ್‌ಪೋರ್ಟಿಗೆ ಕೇಳುವ ಹಾಗೆ ಕೂಗಿದಳು. “ನೋ ಬೇಬಿ, ಅಜ್ಜಿ! ಮಮ್ಮಿ ಈಸ್ ಲಿಫ್ಟಿಂಗ್ ಹರ್ ಬೂಬೀಸ್!”

ಸುತ್ತಲಿನವರೆಲ್ಲ ತಿರುಗಿದರು. “ಮಗು ಏನಂತು?” ಅಂದರು ಅತ್ತೆ.

“ಟಾಯ್ಲೆಟ್ಟಿಗೆ ಹೋಗ್ಬೇಕಂತಮ್ಮಾ,” ಅಂದರು ಯಜಮಾನರು.

ಅತ್ತೆಯ ತೀರ್ಮಾನ

ಮಾರನೆಯ ಬೆಳಿಗ್ಗೆ ನಾನೇ ಹೇಳಿದೆ. ಅತ್ತೆ ಕಾಫಿ ಲೋಟ ಕೆಳಗಿಟ್ಟರು.

“ಕಾಯಿಲೆಯೇನಮ್ಮಾ?”

“ಇಲ್ಲ ಅತ್ತೆ.”

“ನೋವಾ?”

“ನೋವೂ ಇಲ್ಲ. ನನ್ನ ಮೈ ನನ್ನದು ಅಂತಾನೇ ಅನ್ನಿಸ್ತಿಲ್ಲ.”

ಅವರು ಆ ದಿನ ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ. ಬೈದಿದ್ದರೆ ತಿರುಗಿ ಅನ್ನುವುದು ನನಗೆ ಗೊತ್ತು. ಸುಮ್ಮನಿದ್ದರೆ ಏನು ಮಾಡಬೇಕು ಅಂತ ನನಗೆ ಯಾರೂ ಕಲಿಸಿಲ್ಲ. ಸಂಜೆ, “ಡಾಕ್ಟರ್ ಹತ್ರ ನಾನೂ ಬರ್ತೀನಿ,” ಅಂದರು. ಮುಗಿಯಿತು ಅಂದುಕೊಂಡೆ.

ಡಾಕ್ಟರಮ್ಮನ ಮುಂದೆ ಅತ್ತೆ ನಡುವಿನ ಕುರ್ಚಿಯಲ್ಲಿ ಕೂತರು. ನಾನು ಒಂದು ಪಕ್ಕ, ಅವರ ಮಗ ಇನ್ನೊಂದು ಪಕ್ಕ.

“ಗಂಡುಮಗು ಆದ್ರೆ ಹಾಲು ಬರುತ್ತಾ ಕೇಳು,” ಅಂದರು. ಕೇಳಿದೆ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ಬರಬಹುದು, ಬರದೆಯೂ ಇರಬಹುದು. ಮಾತು ಕೊಡಲಾರೆ. ಇನ್ನೊಂದು ಬಸಿರಾದರೆ ಎದೆ ಮತ್ತೆ ಇಳಿಯಬಹುದು. ಅದಕ್ಕೇ, ಮಗು ಬೇಕು ಅಂತಿದ್ದರೆ ಮೊದಲು ಮಗು, ಆಮೇಲೆ ಆಪರೇಷನ್.”

ಈ ಮಾತನ್ನು ಸ್ವಲ್ಪ ತಿರುಚಿ ಹೇಳಿದರೆ ಯಾರಿಗೆ ಗೊತ್ತಾಗುತ್ತೆ ಅಂತ ಒಂದು ಗಳಿಗೆ ಅನ್ನಿಸಿತು. ನಾಲಿಗೆ ಚೂಪು ಅಂತ ಊರೆಲ್ಲ ಹೆಸರಾದವಳು ನಾನು, ಆದರೆ ತಿರುಚಿ ಹೇಳುವುದು ಮಾತ್ರ ಆಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೂರನೆಯದು ನನಗೆ ಬೇಡ ಅನ್ನುವುದನ್ನೂ ಸೇರಿಸಿ ಹೇಳಿದೆ.

ಅತ್ತೆ ನನ್ನನ್ನು ನೋಡಿದರು. ಆಮೇಲೆ ತಮ್ಮ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಎಲ್ಲೋ ಇರೋ ಮೊಮ್ಮಗನಿಗೋಸ್ಕರ ಕಣ್ಣೆದುರಿಗಿರೋ ಸೊಸೆ ಯಾಕೆ ಕುಗ್ಗಿಕೊಂಡು ಬಾಳ್ಬೇಕು? ಮಾಡಿ ಅಂತ ಹೇಳು. ಚಿಕ್ಕದನ್ನ ನಾನೆತ್ಕೋತೀನಿ.” ನಾನು ಡಾಕ್ಟರಮ್ಮನ ಕಡೆ ತಿರುಗಿದೆ. ಆದರೆ ಅತ್ತೆ ಇನ್ನೂ ಮುಗಿಸಿರಲಿಲ್ಲ. “ಗಂಡು ಗಂಡು ಅಂತ ಹರಕೆ ಹೊತ್ತು ನಾನೂ ಒಂದು ಹೆತ್ತೆ. ಇಗೋ, ಇವನೇ. ಸ್ಕೂಲಿಗೆ ಸೇರಿದ್ಮೇಲೂ ಹಾಲು ಬಿಡ್ಲಿಲ್ಲ. ಸ್ಲೇಟು ಬಿಸಾಕಿದ್ರೆ ನೇರ ಸೆರಗಿನೊಳಕ್ಕೆ. ಬೇವಿನ ಸೊಪ್ಪು ಅರೆದು ಹಚ್ಚಿಕೊಂಡೆ. ಬೇರೆ ಮಕ್ಕಳು ಅಳ್ತಾವೆ. ಇವನು ತನ್ನ ಶರ್ಟಲ್ಲಿ ಒರೆಸಿ ಕುಡಿದ. ನನ್ನ ಎದೆ ಇಳಿಸಿದೋನು ಇವನೇ ಅಂತ ಅವರಿಗೆ ಹೇಳು.”

“ಏನಂದರು?” ಅಂತ ಡಾಕ್ಟರಮ್ಮ ಕೇಳಿದರು.

“ಬೇಡ ಕಣೇ, ದಮ್ಮಯ್ಯ,” ಅಂದರು ಯಜಮಾನರು.

ಬೇವಿನ ಸೊಪ್ಪಿನ ಸಮೇತ ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಡಾಕ್ಟರಮ್ಮ ಕನ್ನಡಕದ ಮೇಲಿಂದ ಅವರನ್ನೇ ಬಹಳ ಹೊತ್ತು ನೋಡಿದರು, ತಪ್ಪಿತಸ್ಥ ಕೊನೆಗೂ ಸಿಕ್ಕಿದ ಅನ್ನುವ ಹಾಗೆ. ಕೆಂಪಾದ ಯಜಮಾನರು ಎದ್ದು, “ಕಾರಲ್ಲಿರ್ತೀನಿ,” ಅಂತ ಗೊಣಗಿ ಹೊರಟೇಬಿಟ್ಟರು. ಡಾಕ್ಟರಮ್ಮ ನಗು ತಡೆದುಕೊಂಡು ಆಪರೇಷನ್ನಿಗೆ ದಿನ ನೋಡತೊಡಗಿದರು.

ಅತ್ತೆ ಬಾಗಿಲ ಕಡೆಗೇ ನೋಡುತ್ತಾ, ಎಳೇ ಮಗುವಿನ ಬಗ್ಗೆ ಹೇಳುವಷ್ಟು ಕಕ್ಕುಲಾತಿಯಿಂದ ನನ್ನ ಕಿವಿಯಲ್ಲಿ ಹೇಳಿದರು.

“ಪಾಪ, ಎದ್ದು ಹೋದ. ಹಸಿವಾಯ್ತೇನೋ.”