ಮುದ್ದುರಂಗಪ್ಪನವರ ಸಿ ಡ್ರೈವ್ ದಿಗ್ವಿಜಯ

ಕಲಿಯುಗದ ಪ್ರಥಮ ಪಾದದಲ್ಲಿ, ಜಂಬೂದ್ವೀಪದ ಭರತಖಂಡದಲ್ಲಿ, ಗೋದಾವರಿಗೆ ಬಹುದೂರ ದಕ್ಷಿಣವಾಗಿ, ಕಡೂರೆಂಬ ಪುರದ ಕೋಟೆ ಬೀದಿಯಲ್ಲಿ, ಕಸೂತಿ ಹೂಗಳ ವಸ್ತ್ರದಿಂದ ಸದಾ ಆಚ್ಛಾದಿತವಾದ ಕಂಪ್ಯೂಟರಿನ ಮುಂದೆ ವೀರಾಸನಸ್ಥರಾದ ಆ ಮಹಾಪುರುಷರನ್ನು, ಎಲೈ ವಾಗ್ದೇವಿಯೇ, ಯಾವ ನಾಲಿಗೆಯಿಂದ ಬಣ್ಣಿಸಲಿ? ಬಸ್ ಡಿಪೊದ ಟೈರುಗಳ ಉಗ್ರಾಣವನ್ನು ಆಯುಷ್ಯವಿಡೀ ಪಾಲಿಸಿ ನಿವೃತ್ತರಾದ, ದಗ್ಧಫ್ಯೂಸಪುನರುಜ್ಜೀವಕರೂ ಸೋರುವ ನಲ್ಲಿಗಳ ಗರ್ವಭಂಜಕರೂ ಆದ ಅವರೇ ಶ್ರೀಮಾನ್ ಮುದ್ದುರಂಗಪ್ಪನವರು.

ಆ ಯಂತ್ರದ ಡಿಸ್ಕೆಂಬ ಭೂಮಂಡಲವು ಎರಡು ರಾಜ್ಯಗಳಾಗಿ ಹಂಚಿಹೋಗಿತ್ತು. ಸಿ ಎಂಬ ಕಿರುರಾಜ್ಯದಲ್ಲಿ ಯಂತ್ರದ ಪ್ರಾಣವೇ ಆದ ವಿಂಡೋಸ್ ವಾಸಿಸುತ್ತಿತ್ತು. ಡಿ ಎಂಬುದು ವಿಸ್ತಾರವಾದ ಬಯಲು. ಆ ಬಯಲಿನ ಒಂದು ಮೂಲೆಯಲ್ಲಿ ಮುದ್ದುರಂಗಪ್ಪನವರ ಮಡದಿ ಚೆಲುವಮ್ಮನವರ ತಾಯಿ, ದಿವಂಗತ ಸಿದ್ದಮ್ಮನವರು, ಹಸೆಹಾಡುಗಳನ್ನೂ ಜೋಗುಳಗಳನ್ನೂ ಹಾಡಿದ ವಿಡಿಯೊಗಳಿದ್ದವು. ಆ ಕಂಠ ಲೋಕದಲ್ಲಿ ಮತ್ತೆಲ್ಲೂ ಉಳಿದಿರಲಿಲ್ಲ.

ಬೆಳಗಾದರೆ ಸಿದ್ದಮ್ಮನವರ ವರ್ಷದ ಕಾರ್ಯ. ನಂಟರೆಲ್ಲ ಕೂತು ಹಾಡು ಕೇಳುವುದೆಂದು ನಿಶ್ಚಯವಾಗಿತ್ತು. ಆದರೆ ಸಿ ರಾಜ್ಯ ಕಂಠಮಟ್ಟ ತುಂಬಿ ಅದರ ಜಾಗ ತೋರಿಸುವ ಪಟ್ಟಿ ರಕ್ತವರ್ಣಕ್ಕೆ ತಿರುಗಿದ್ದರಿಂದ ಯಂತ್ರ ತೆವಳುತ್ತಿತ್ತು. ಹಾಡು ನಡುವೆ ನಿಂತಾಗಲೆಲ್ಲ ಸಿದ್ದಮ್ಮನವರು ಬಾಯಿ ತೆರೆದಂತೆಯೇ ಸ್ತಂಭೀಭೂತರಾಗುತ್ತಿದ್ದರು. ಅದನ್ನು ನೋಡಲಾರದೆ ಚೆಲುವಮ್ಮ ಎದ್ದು ಅಡಿಗೆಮನೆಗೆ ಹೋಗುತ್ತಿದ್ದರು.

ಆಗ ಮುದ್ದುರಂಗಪ್ಪನವರು ಪ್ಲಾಸ್ಟಿಕ್ ಕುರ್ಚಿಯಿಂದೆದ್ದು ಪ್ರತಿಜ್ಞೆಗೈದರು. “ಎಲೌ ಚೆಲುವಾಂಬಿಕೆ, ಡಿ ರಾಜ್ಯದ ಎಲ್ಲೆಯನ್ನು ಈ ಭುಜಬಲದಿಂದ ಹಿಂದಕ್ಕೆ ನೂಕಿ, ಗೆದ್ದ ನೆಲವನ್ನು ಸಿ ರಾಜ್ಯಕ್ಕೆ ಧಾರೆಯೆರೆಯದಿದ್ದರೆ ನಾಳಿನ ಎಡೆಯ ವಡೆಯನ್ನು ಮುಟ್ಟೆನು” ಎಂದು ಗರ್ಜಿಸಿದರೆಂಬುದು ಕವಿಯ ಮತ. ಪಕ್ಕದ ಮನೆಯವರಿಗೆ ಕೇಳಿಸಿದ್ದು, “ಡಿನ ಸ್ವಲ್ಪ ಕಮ್ಮಿ ಮಾಡಿ ಸಿಗೆ ಸೇರಿಸ್ತೀನಿ ಕಣೆ” ಎಂದಷ್ಟೆ.

“ಅವ್ವನ ಹಾಡು ಹೋದ್ರೆ ನಾನು ಸುಮ್ನಿರಲ್ಲ. ಮೊದ್ಲು ಒಂದು ಕಾಪಿ ಮಾಡಿ ನನ್ನ ಕೈಗೆ ಕೊಡಿ” ಎಂದರು ಚೆಲುವಮ್ಮ.

ಕಾಪಿಯೆಂಬುದು ಹೇಡಿಗಳ ಕವಚವೆಂದು ವೀರರು ವಾದಿಸಿದರು. ಚೆಲುವಮ್ಮ ಪೆನ್‌ಡ್ರೈವ್ ತಂದು ಅವರ ಮುಂದಿಟ್ಟರು. ಹಾಡುಗಳೆಲ್ಲ ಪೆನ್‌ಡ್ರೈವಿಗೆ ಇಳಿದವು. ಎಲ್ಲವೂ ಬಂದಿವೆಯೇ ಎಂದು ಒಂದೊಂದನ್ನೂ ತೆರೆಸಿ ನೋಡಿದ ಮೇಲೆಯೇ ಆಕೆ ಅದನ್ನು ಸಾಸಿವೆ ಡಬ್ಬಿಯೊಳಗೆ ಇಟ್ಟದ್ದು.

ಬಳಿಕ ರಾಜಾಜ್ಞೆ ಹೊರಟಿತು: ಯುದ್ಧ ಮುಗಿಯುವವರೆಗೆ ಮಿಕ್ಸಿ ತಿರುಗಕೂಡದು, ಮೋಟಾರು ಓಡಕೂಡದು, ಗ್ರೈಂಡರಿನ ಸ್ವಿಚ್ಚನ್ನು ಯಾರೂ ಸ್ಪರ್ಶಿಸಕೂಡದು. ಫ್ಯೂಸು ಹಾರಿದರೆ ಸರ್ವನಾಶ. ಜರಾಜೀರ್ಣ ಯುಪಿಎಸ್ ಒಂದನ್ನು ನಂಬಿ ಯುದ್ಧಕ್ಕಿಳಿದವರು ಅವರೊಬ್ಬರೇ. ಅಡಿಗೆಮನೆಯಲ್ಲಿ ವಡೆಗೆ ನೆನೆದ ಉದ್ದಿನಬೇಳೆ ಯುದ್ಧಾಂತ್ಯವನ್ನು ಕಾಯುತ್ತ ಉಬ್ಬಿತು.

ಯೂಟ್ಯೂಬ್ ಗುರುವಿನ ಉಪದೇಶದಂತೆ ಮೌಸೆಂಬ ಗದೆಯನ್ನು ಝಳಪಿಸಿ ವೀರರು ಡಿ ರಾಜ್ಯವನ್ನು ಕುಗ್ಗಿಸಿದರು. ನೆಲವೇನೋ ದಕ್ಕಿತು. ಆದರೆ ಅದು ದಕ್ಕಿದ್ದು ಡಿ ರಾಜ್ಯದ ಆಚೆ ತುದಿಯಲ್ಲಿ. ಸಿ ಈಚೆ, ಗೆದ್ದ ನೆಲ ಆಚೆ, ನಡುವೆ ಡಿ ಅಲುಗಾಡದೆ ಮಲಗಿತ್ತು. ಸಿ ರಾಜ್ಯವನ್ನು ವಿಸ್ತರಿಸುವ ಆಜ್ಞೆ ಬೂದುಬಣ್ಣಕ್ಕೆ ತಿರುಗಿ, ಎಷ್ಟು ಒತ್ತಿದರೂ ಓಗೊಡಲಿಲ್ಲ.

ಇನ್ನುಳಿದದ್ದು ಒಂದೇ ದಾರಿ. ಡಿಯನ್ನು ಅದರ ಸಮಸ್ತ ಸಾಮಾನುಗಳೊಡನೆ ಎತ್ತಿ ಆಚೆಗೆ ಸರಿಸಬೇಕು, ಸರಿಸುವ ಹೊತ್ತಿನಲ್ಲಿ ಕರೆಂಟು ಹೋದರೆ ಒಳಗಿದ್ದದ್ದು ಸಿಕ್ಕುವ ಭರವಸೆಯಿಲ್ಲ. ಗುರು ಇದನ್ನು ನಗುನಗುತ್ತಲೇ ಹೇಳಿದ. ದಗ್ಧಫ್ಯೂಸಪುನರುಜ್ಜೀವಕರು ಗದೆಯನ್ನು ಕೆಳಗಿಟ್ಟರು. ಪೆನ್‌ಡ್ರೈವ್ ಸಾಸಿವೆಯೊಳಗೆ ಭದ್ರವಾಗಿದೆಯೆಂದು ಗೊತ್ತಿದ್ದರೂ ಅವರಿಗೆ ನಿಜಕ್ಕೂ ಭಯವಾಗಿತ್ತು.

ಆ ಹೊತ್ತಿಗೆ ಬೇಳೆಯ ಪಾತ್ರೆ ಹಿಡಿದೇ ಚೆಲುವಮ್ಮ ರಣರಂಗಕ್ಕೆ ಬಂದರು.

“ಅಲ್ಲಾ, ಆ ಸಿ ಒಳಗೆ ಅಷ್ಟೊಂದು ಏನು ತುಂಬ್ಕೊಂಡಿದೆ ಅಂತ ನೋಡಿದ್ರಾ?”

ನೋಡಿರಲಿಲ್ಲ. ಶತ್ರುವಿನ ಕೋಟೆಯನ್ನು ಅಳೆದವರು ತಮ್ಮ ಉಗ್ರಾಣವನ್ನು ತೆರೆದಿರಲಿಲ್ಲ. ತೆರೆದರೆ, ಡೆಸ್ಕ್‌ಟಾಪಿನ ಮೇಲೆ ಸಾಲಾಗಿ ನಿಂತಿದ್ದವು: ‘ಅತ್ತೆ ಹಾಡು’, ‘ಅತ್ತೆ ಹಾಡು ಹೊಸದು’, ‘ಅತ್ತೆ ಹಾಡು ಭದ್ರ’, ‘ಅತ್ತೆ ಹಾಡು ಯಾರೂ ಮುಟ್ಟಬಾರದು’, ಹೀಗೆ ಇನ್ನೂ ಹಲವು. ಪ್ರತಿಯೊಂದರಲ್ಲೂ ಅದೇ ಸಿದ್ದಮ್ಮನವರು, ಅದೇ ಹಾಡುಗಳು.

ಗುಡುಗಿದಾಗಲೆಲ್ಲ, ಕರೆಂಟು ಮಿಣುಕಿದಾಗಲೆಲ್ಲ, ಹೇಡಿಗಳ ಕವಚವನ್ನು ಹಳಿದ ಈ ವೀರರು ಯಾರಿಗೂ ಹೇಳದೆ ಒಂದೊಂದು ಕಾಪಿ ಮಾಡಿಟ್ಟಿದ್ದರು. ಡೆಸ್ಕ್‌ಟಾಪಿನ ಮೇಲಿರುವುದು ಪರದೆಯ ಗಾಜಿನ ಮೇಲೆಯೇ ಇರುತ್ತದೆ, ಸಿಗೂ ಡಿಗೂ ಸೇರಿದ್ದಲ್ಲ ಎಂಬುದು ಅವರ ದೃಢವಾದ ನಂಬಿಕೆಯಾಗಿತ್ತು. ಅವೆಲ್ಲ ಕೂತಿದ್ದದ್ದು ಸಿ ರಾಜ್ಯದಲ್ಲೇ.

ಚೆಲುವಮ್ಮ ಆ ಹೆಸರುಗಳನ್ನೆಲ್ಲ ಮೇಲಿನಿಂದ ಕೆಳಗಿನವರೆಗೆ ಓದಿದರು. ಬೈಯಬೇಕೆಂದು ಬಾಯಿ ತೆರೆದವರಿಗೆ ಅಳು ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು, ಡಿಯಲ್ಲಿ ಒಂದು, ಡಬ್ಬೀಲಿ ಒಂದು ಸಾಕು, ಉಳಿದದ್ದು ತೆಗೀರಿ ಎಂದರು.

ಕಾಪಿಗಳು ಕಸದ ಬುಟ್ಟಿಗೆ ಬಿದ್ದವು, ಬುಟ್ಟಿ ಬರಿದಾಯಿತು, ಕೆಂಪು ಪಟ್ಟಿ ನೀಲಿಯಾಯಿತು. ಗೆದ್ದ ನೆಲವನ್ನು ವೀರರು ಡಿಗೇ ಹಿಂದಿರುಗಿಸಿದರು. ಸಿದ್ದಮ್ಮನವರು ಎಲ್ಲೂ ನಿಲ್ಲದೆ ಒಂದು ಜೋಗುಳವನ್ನು ಕೊನೆಯವರೆಗೆ ಹಾಡಿದರು.

ಹೀಗೆ ಭೂಮಂಡಲ ಮೊದಲಿದ್ದಂತೆಯೇ ಉಳಿದು ದಿಗ್ವಿಜಯ ಸಮಾಪ್ತವಾಯಿತು. ಚೆಲುವಮ್ಮ ಒಳಗೆ ಹೋಗಿ ಗ್ರೈಂಡರ್ ಹಾಕಿದರು. ದೀಪ ಒಮ್ಮೆ ಮಿಣುಕಿತು. ಮುದ್ದುರಂಗಪ್ಪನವರು ಅಡಿಗೆಮನೆಯ ಕಡೆಗೊಮ್ಮೆ ನೋಡಿ, ಡೆಸ್ಕ್‌ಟಾಪಿನ ಮೇಲೆ ಒಂದು ಕಾಪಿ ಮಾಡಿಟ್ಟರು.